ಸಾಂಬ್ರಾಣಿ ಎಂದು ಕೆಂಡಕ್ಕೆ ಹಾಕುವುದು ಯಾವ ಮರದ್ದು?

ಕೆಂಡದ ಮೇಲೆ ಬಿದ್ದ ಚೂರು ಹೊಗೆಯಾಗಿ ಮನೆ ತುಂಬಿದ ಮೇಲೆ ಅದು ಯಾವ ಮರದ್ದೆಂದು ಯಾರೂ ವಿಚಾರಿಸುವುದಿಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಪೇಟೆಗಳ ಪೂಜಾ ಸಾಮಾನಿನ ಅಂಗಡಿಗಳಲ್ಲಿ ಅದರ ಡಬ್ಬಿ ಕರ್ಪೂರ, ಕುಂಕುಮ, ಊದಿನಕಡ್ಡಿಗಳ ಪಕ್ಕದಲ್ಲೇ ಕೂತಿರುತ್ತದೆ. ಕನ್ನಡದವರೂ ತೆಲುಗಿನವರೂ ಸಾಂಬ್ರಾಣಿ ಕೊಡು ಎನ್ನುತ್ತಾರೆ. ಉರ್ದು ಮಾತಾಡುವವರು ಲೋಬಾನ ಕೇಳುತ್ತಾರೆ. ಹಳ್ಳಿಯ ಹಿರಿಯರಿಗೆ ಅದು ಊದು. ಅಂಗಡಿಯವನು ಎಲ್ಲರಿಗೂ ಒಂದೇ ಡಬ್ಬಿಯಿಂದ ತೆಗೆದು ತೂಗಿ ಪೊಟ್ಟಣ ಕಟ್ಟುತ್ತಾನೆ. ಆ ಡಬ್ಬಿಯಲ್ಲಿರುವುದು ಸುಮಾತ್ರಾ ದ್ವೀಪದ ಮರದ ರಾಳವಿರಬಹುದು, ಮಧ್ಯಪ್ರದೇಶದ ಒಣಗಾಡಿನದಿರಬಹುದು, ಹಿಮಾಲಯದ ತಪ್ಪಲಿನ ಪೈನ್ ಮರದ್ದಿರಬಹುದು. ಎಲ್ಲವನ್ನೂ ಕಲಸಿದ್ದೂ ಇರಬಹುದು.

ಕೃಷ್ಣೆ ಕರ್ನಾಟಕ ದಾಟಿ ತೆಲಂಗಾಣದೊಳಗೆ ಕಾಲಿಡುವುದು ಇದೇ ಸೀಮೆಯಲ್ಲಿ, ತಂಗಡಿಯ ಹತ್ತಿರ. ಭೀಮೆ ಬಂದು ಕೂಡುವುದೂ ಅಲ್ಲೇ. ಒಂದು ಕಡೆ ಯಾದಗಿರಿ, ಇನ್ನೊಂದು ಕಡೆ ರಾಯಚೂರು. 1956ರ ತನಕ ಇವೆಲ್ಲ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆಮೇಲೆ ರಾಯಚೂರು, ಗುಲ್ಬರ್ಗ ಮೈಸೂರಿಗೆ ಸೇರಿದವು, ಮಹಬೂಬನಗರ ಆಂಧ್ರಕ್ಕೆ ಹೋಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ್, 2019ರಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆಗಳಾದವು. ಗೆರೆ ಎಳೆದವರು ಭಾಷೆಯನ್ನು ಪೂರ್ತಿ ಬೇರ್ಪಡಿಸಲಾಗಲಿಲ್ಲ. ಕೃಷ್ಣಾ, ಮಕ್ತಲ್, ನಾರಾಯಣಪೇಟೆ ಕಡೆಯ ಊರುಗಳಲ್ಲಿ ಇಂದಿಗೂ ಮನೆಮಾತು ಕನ್ನಡ ಇರುವವರಿದ್ದಾರೆ, ಕನ್ನಡ ಶಾಲೆಗಳಿವೆ. ಕನ್ನಡ, ತೆಲುಗು, ಉರ್ದು, ಒಂದಿಷ್ಟು ಮರಾಠಿ ಬೆರೆತ ಇಂಥ ಜಾಗದಲ್ಲಿ ಧೂಪದ ಬಳಕೆಯೂ ಬೆರೆತೇ ಇದೆ.

ಮೊಹರಂ ತಿಂಗಳನ್ನೇ ನೋಡಿ. ಪೀರಲ ದೇವರನ್ನು ಕೂಡಿಸಿ, ಅಲಾಯಿ ಕುಣಿ ತೋಡಿ, ಬೆಂಕಿ ಹಾಕಿ ಕುಣಿಯುವ ಹಬ್ಬಕ್ಕೆ ಈ ಭಾಗದಲ್ಲಿ ಜಾತಿ ಮತ ಅಡ್ಡ ಬರುವುದಿಲ್ಲ. ಹರಕೆ ಹೊತ್ತವರು ಊದು ಹಾಕಿಸಿ ಸಕ್ಕರೆ ಓದಿಸಿಕೊಂಡು ಬರುತ್ತಾರೆ; ಅವರಲ್ಲಿ ಮುಸ್ಲಿಮರಿಗಿಂತ ಹಿಂದೂಗಳೇ ಹೆಚ್ಚಿರುವ ಊರುಗಳುಂಟು. ವಾರದ ದಿನಗಳಲ್ಲಿ ನವಿಲುಗರಿಯ ಕುಂಚ ಹಿಡಿದ ಫಕೀರರು ಲೋಬಾನದ ಹೊಗೆಯೊಂದಿಗೆ ಅಂಗಡಿಯಿಂದ ಅಂಗಡಿಗೆ ಹೋಗುವುದು ಹೈದರಾಬಾದ್ ಸೀಮೆಯ ಪೇಟೆಗಳಲ್ಲಿ ಹಳೆಯ ರೂಢಿ. ಗಲ್ಲಾಪೆಟ್ಟಿಗೆಗೆ ಹೊಗೆ ತೋರಿಸಿಕೊಂಡು ಕಾಸು ಕೊಡುವ ವ್ಯಾಪಾರಿ ಯಾವ ದೇವರ ಭಕ್ತನಾದರೂ ಸರಿ.

ಮಕ್ತಲ್ ಹತ್ತಿರದ ಪಂಚದೇವಪಹಾಡದಿಂದ ಹೊಳೆ ದಾಟಿದರೆ ಕುರುವಪುರ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಆ ನಡುಗಡ್ಡೆ ರಾಯಚೂರು ತಾಲೂಕಿಗೆ ಸೇರಿದ್ದು. ಗುರುವಾರ ದತ್ತನ ವಾರ. ಈ ಸೀಮೆಯ ದತ್ತಭಕ್ತರ ಮನೆಗಳಲ್ಲಿ ಅಂದು ಸಂಜೆ ಧೂಪ ತಪ್ಪುವುದಿಲ್ಲ. ಇನ್ನು ವೀರಭದ್ರನ ಒಕ್ಕಲಿನ ಲಿಂಗಾಯತ ಮನೆಗಳದು ಬೇರೆಯೇ ಸಂಭ್ರಮ. ಕಲ್ಯಾಣ ಕರ್ನಾಟಕದಲ್ಲಿ ಮದುವೆಗೆ ಮುಂಚೆ ಗುಗ್ಗಳ ಹೊರಡಿಸುವ ಪದ್ಧತಿ ಇದೆ. ಮಡಕೆಯಲ್ಲಿ ಬೆಂಕಿ ಮಾಡಿ, ಅದಕ್ಕೆ ಗುಗ್ಗಳ ಹಾಕುತ್ತ, ಪುರವಂತರು ಒಡಪು ಹೇಳುತ್ತ ಓಣಿ ಓಣಿ ಸುತ್ತುತ್ತಾರೆ. ಇಡೀ ಒಂದು ಆಚರಣೆಗೆ ಮರದ ರಾಳದ ಹೆಸರೇ ಬಿದ್ದಿರುವುದು ಅಪರೂಪ.

ಆದರೆ ಹಬ್ಬ ಹುಣ್ಣಿಮೆಗಿಂತ ಹೆಚ್ಚು ಸಾಂಬ್ರಾಣಿ ಖರ್ಚಾಗುವುದು ಬಾಣಂತಿ ಕೋಣೆಯಲ್ಲಿ. ಎಣ್ಣೆ ನೀರು ಹಾಕಿದ ಮೇಲೆ ಅಗ್ಗಿಷ್ಟಿಗೆಯಲ್ಲಿ ಕುಳ್ಳಿನ ಕೆಂಡ ಮಾಡಿ, ಒಂದಿಷ್ಟು ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಮೇಲೆ ಸಾಂಬ್ರಾಣಿ ಪುಡಿ ಉದುರಿಸಿ, ಬುಟ್ಟಿ ಕವುಚಿ ಕೂದಲಿಗೆ ಹೊಗೆ ಹಿಡಿಸುತ್ತಾರೆ. ಕೂಸನ್ನೂ ಆ ಹೊಗೆಯ ಮೇಲೆ ಆಡಿಸಿ ತೆಗೆಯುತ್ತಾರೆ. ಅದೇ ಬಾಣಂತಿಗೆ ತಿನ್ನಲು ಕೊಡುವುದು ಅಂಟಿನ ಉಂಡೆ. ಅಂಟೂ ಮರದ ತೊಗಟೆಯಿಂದ ಒಸರಿದ್ದೇ, ಸಾಂಬ್ರಾಣಿಯೂ ಮರದ ತೊಗಟೆಯಿಂದ ಒಸರಿದ್ದೇ. ಒಂದನ್ನು ತುಪ್ಪದಲ್ಲಿ ಹುರಿದು ತಿನ್ನುತ್ತೇವೆ, ಇನ್ನೊಂದನ್ನು ಸುಡುತ್ತೇವೆ. ಅದಲು ಬದಲು ಮಾಡುವಂತಿಲ್ಲ. ಯಾಕೆ?

ಅಂಟು ಒಂದು ಬಗೆಯ ಸಕ್ಕರೆ ಸರಪಳಿ. ನೀರಿನಲ್ಲಿ ನೆನೆದು ಉಬ್ಬುತ್ತದೆ ಅಥವಾ ಕರಗುತ್ತದೆ, ವಾಸನೆ ಇಲ್ಲ. ಕೆಂಡಕ್ಕೆ ಹಾಕಿದರೆ ಸೀದ ಸಕ್ಕರೆಯ ನಾತ ಬರುತ್ತದೆ, ಅಷ್ಟೇ. ಜಾಲಿ, ಬೇವು, ದಿಂಡಿಗ ಮರಗಳಿಂದ ಸಿಗುವುದು ಇದು. ರಾಳದ ಜಾತಿ ಬೇರೆ. ತೊಗಟೆಗೆ ಗಾಯವಾದಾಗ ಹುಳ, ಬೂಷ್ಟು ಒಳಗೆ ಹೋಗದಂತೆ ಮರ ಅದನ್ನು ಒಸರಿಸಿ ಗಾಯ ಮುಚ್ಚಿಕೊಳ್ಳುತ್ತದೆ. ಗಾಳಿಗೆ ಆರಿ ಗಟ್ಟಿಯಾದ ಅದು ನೀರಿಗೆ ಜಗ್ಗುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಬಿಸಿ ತಾಗಿದರೆ ಮೊದಲು ಮೆತ್ತಗಾಗಿ, ಆಮೇಲೆ ಅದರೊಳಗಿನ ಪರಿಮಳದ ಎಣ್ಣೆಗಳು ಆವಿಯಾಗಿ ಏಳುತ್ತವೆ. ಇವೆರಡೂ ಒಂದೇ ಚೂರಿನಲ್ಲಿ ಬೆರೆತಿರುವುದೂ ಉಂಟು. ಗುಗ್ಗುಳ ಅಂಥದ್ದು, ನಮ್ಮ ಒಣಗಾಡಿನ ಮಡ್ಡಿಧೂಪವೂ ಅಂಥದ್ದೇ. ಮನೆಯಲ್ಲೇ ಪರೀಕ್ಷೆ ಮಾಡಬಹುದು: ಚೂರನ್ನು ರಾತ್ರಿ ನೀರಲ್ಲಿ ಹಾಕಿಡಿ. ಬೆಳಗ್ಗೆ ಪೂರ್ತಿ ಕರಗಿದ್ದರೆ ಅಥವಾ ಉಬ್ಬಿಕೊಂಡಿದ್ದರೆ ನೀವು ತಂದದ್ದು ಅಂಟು. ನೀರು ಹಾಲಿನಂತೆ ಬೆಳ್ಳಗಾಗಿ ತಳದಲ್ಲಿ ಗಸಿ ಉಳಿದರೆ ಅಂಟು ಬೆರೆತ ರಾಳ. ಏನೂ ಆಗದೆ ಹಾಗೇ ಕೂತಿದ್ದರೆ ಬರೀ ರಾಳ.

ಹಾಗಾದರೆ ಡಬ್ಬಿಯಲ್ಲಿರುವ ಅಸಲಿ ಸಾಂಬ್ರಾಣಿ ಎಲ್ಲಿಂದ ಬಂತು? ತಿಳಿದವರು ಲೋಬಾನ ಎಂದು ಒಪ್ಪುವುದು ಸ್ಟೈರಾಕ್ಸ್ ಎಂಬ ಮರದ ರಾಳವನ್ನು. ಅದು ನಮ್ಮ ನಾಡಿನ ಮರವಲ್ಲ. ಸುಮಾತ್ರಾದ ತಪನೂಲಿ ಬೆಟ್ಟಸೀಮೆಯ ಬಟಕ್ ರೈತರು ಅದನ್ನು ತೋಟ ಮಾಡಿ ಬೆಳೆಯುತ್ತಾರೆ. ತೊಗಟೆಗೆ ಕಚ್ಚು ಹಾಕಿ, ಒಸರಿದ ಹಾಲು ಗಟ್ಟಿಯಾಗಲು ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಕೆರೆದು ತೆಗೆಯುತ್ತಾರೆ. ಇದೇ ಕುಲದ ಇನ್ನೊಂದು ಜಾತಿ ಲಾವೋಸ್ ದೇಶದ ಉತ್ತರದ ಗುಡ್ಡಗಳಲ್ಲಿದೆ. ಅದರ ವಾಸನೆಯಲ್ಲಿ ವೆನಿಲ್ಲಾ ಹೆಚ್ಚು, ಬೆಲೆಯೂ ಹೆಚ್ಚು. ನಮ್ಮ ಪೇಟೆಗಳಿಗೆ ಬರುವುದು ಬಹುಪಾಲು ಸುಮಾತ್ರಾದ್ದು. ಕಂದು ಗಟ್ಟಿಯ ನಡುವೆ ಬೆಳ್ಳನೆಯ ಹರಳುಗಳು ಸಿಕ್ಕಿಕೊಂಡು, ಮುರಿದಾಗ ಶೇಂಗಾ ಚಿಕ್ಕಿಯ ತುಂಡಿನಂತೆ ಕಾಣುತ್ತದೆ. ಬೆಳ್ಳನೆಯ ಹರಳು ಹೆಚ್ಚಿದ್ದಷ್ಟೂ ಮಾಲು ಒಳ್ಳೆಯದು. ಬರೀ ಕಂದು ಪುಡಿ, ತೊಗಟೆ ಚೂರು ಇದ್ದರೆ ಅದು ಕೆರೆತದ ಕೊನೆಯ ಕಸ.

ಎರಡನೆಯದು ನಮ್ಮದೇ, ಆಗಲೇ ಹೇಳಿದ ಮಡ್ಡಿಧೂಪ. ದಖ್ಖನ್ನಿನ ಕಲ್ಲುಗುಡ್ಡಗಳಲ್ಲಿ, ಬೇರೇನೂ ಬೆಳೆಯದ ಒಣ ಇಳಿಜಾರುಗಳಲ್ಲಿ ನಿಲ್ಲುವ ಒಂದು ಮರವಿದೆ. ತೊಗಟೆ ಹಾಳೆ ಹಾಳೆಯಾಗಿ ಸುಲಿಯುತ್ತದೆ, ಬೇಸಿಗೆಗೆ ಎಲೆ ಪೂರ್ತಿ ಉದುರಿಸಿ ಬತ್ತಲೆ ನಿಲ್ಲುತ್ತದೆ. ಸಂಸ್ಕೃತ ಗ್ರಂಥಗಳ ಸಲ್ಲಕಿ ಇದೇ, ತೆಲುಗರು ಅಂದುಗ ಎನ್ನುತ್ತಾರೆ, ಸಸ್ಯಶಾಸ್ತ್ರದಲ್ಲಿ ಬೋಸ್ವೆಲಿಯಾ ಸೆರಾಟಾ. ಅರಬರ ನಾಡಿನ ಹೆಸರಾಂತ ಕುಂದುರು ಕೊಡುವ ಮರಕ್ಕೆ ಇದು ಹತ್ತಿರದ ಸಂಬಂಧಿ. ರಾಳ ಹೊಂಬಣ್ಣದ್ದು, ಸುಟ್ಟಾಗ ನಿಂಬೆ ಸಿಪ್ಪೆ, ಪೈನ್ ಎರಡೂ ಬೆರೆತ ತೆಳು ವಾಸನೆ. ಲೋಬಾನದಷ್ಟು ಸಿಹಿಯಲ್ಲ, ಆದರೆ ಮನೆಗೆ ಇದೇ ಹಿತ ಎನ್ನಬೇಕು. ಹೊಗೆ ಗಂಟಲಿಗೆ ಅಷ್ಟಾಗಿ ಕುಕ್ಕುವುದಿಲ್ಲ.

ಇದರ ತಮ್ಮನಂಥ ಇನ್ನೊಂದು ಜಾತಿ ಪೂರ್ವಘಟ್ಟದಲ್ಲಿ ಮಾತ್ರ ಇದೆ, ಮುಖ್ಯವಾಗಿ ತಿರುಮಲದ ಶೇಷಾಚಲ ಬೆಟ್ಟಗಳಲ್ಲಿ. ಅಲ್ಲಿಯವರ ಬಾಯಲ್ಲಿ ಅದು ಕೊಂಡ ಸಾಂಬ್ರಾಣಿ. ಸಸ್ಯವಿಜ್ಞಾನಿಗಳು ಅದನ್ನು ಬೇರೆ ಜಾತಿ ಎಂದು ಗುರುತಿಸಿ ಹೆಸರಿಟ್ಟದ್ದು 1961ರಲ್ಲಷ್ಟೇ. ತಿರುಮಲ ಬ್ರಹ್ಮೋತ್ಸವಕ್ಕೆ ಗದ್ವಾಲ್ ನೇಕಾರರು ನೇಯ್ದ ಏರುವಾಡ ಜೋಡು ಪಂಚೆ ಹೋಗುತ್ತದೆ. ಆ ಬೆಟ್ಟದ ಸಾಂಬ್ರಾಣಿ ಮಾತ್ರ ಗದ್ವಾಲಿಗೆ ಬರುವಷ್ಟು ಉಳಿದಿಲ್ಲ. ಅಳಿವಿನ ಭಯವಿರುವ ಮರಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಕೃಷ್ಣೆಯ ಕೆಳಗಿನ ದಾರಿಯಲ್ಲಿ ನಲ್ಲಮಲ ಕಾಡು ಸಿಗುತ್ತದೆ. ಹಳೆಯ ಮಹಬೂಬನಗರ ಜಿಲ್ಲೆಗೇ ಸೇರಿದ್ದ ಅಮ್ರಾಬಾದ್ ಈಗ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿಯ ಚೆಂಚು ಜನ ತಲೆಮಾರುಗಳಿಂದ ಜೇನು, ಅಂಟು ಕೂಡಿಸಿ ಬದುಕಿದವರು. 1956ರಲ್ಲಿ ಶುರುವಾದ ಗಿರಿಜನ ಸಹಕಾರ ಸಂಸ್ಥೆ ಅವರಿಂದ ಕೊಳ್ಳುತ್ತ ಬಂದ ಸರಕುಗಳಲ್ಲಿ ತಪಸಿ ಅಂಟಿಗೆ ದೊಡ್ಡ ಜಾಗ. ಹೆಸರು ಕೇಳಿ ಅದನ್ನೂ ಧೂಪವೆಂದು ತಿಳಿಯಬಾರದು. ಅದು ಅಂಟೇ, ಔಷಧಿ ಕಾರ್ಖಾನೆಗೂ ತಿನಿಸಿನ ಕಾರ್ಖಾನೆಗೂ ಹೋಗುತ್ತದೆ.

ಗುಗ್ಗುಳದ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ದೊಡ್ಡದು. ಕನ್ನಡದ ಮನೆಯವರು ಗುಗ್ಗುಳ ಎಂದರೆ ಆಯುರ್ವೇದ ಹೇಳುವ ಮುಳ್ಳುಪೊದೆಯ ರಾಳ, ಗುಜರಾತು ರಾಜಸ್ಥಾನಗಳ ಮರುಭೂಮಿಯದ್ದು. ತೆಲುಗಿನ ಅಂಗಡಿಯಲ್ಲಿ ಗುಗ್ಗಿಲಂ ಎಂದರೆ ಸಾಲದ ಮರದ ಜಾತಿಯ ರಾಳ ಕೊಡುತ್ತಾರೆ. ಗದ್ವಾಲಿನಂಥ ಊರಲ್ಲಿ ಎರಡು ಭಾಷೆಯ ನಡುವೆ ನಿಂತು ಕೊಳ್ಳುವವರು ಕೇಳಿದ್ದೊಂದು, ಸಿಕ್ಕಿದ್ದೊಂದು ಆಗುವುದು ಸಹಜ. ನೋಡಿ ತಿಳಿಯಲು ಕಷ್ಟವಿಲ್ಲ: ಸಾಲದ ರಾಳ ಗಾಜಿನಂತೆ ತಿಳಿ, ಒತ್ತಿದರೆ ಪುಡಿಯಾಗುತ್ತದೆ. ಗುಗ್ಗುಳ ಕಂದುಬಣ್ಣದ ಜಿಗುಟು, ಕುಟ್ಟಿದರೆ ಒನಕೆಗೆ ಅಂಟಿಕೊಳ್ಳುತ್ತದೆ.

ಕರ್ನಾಟಕದ ಪಶ್ಚಿಮಕ್ಕೆ ಹೋದರೆ ಪಟ್ಟಿ ಬೆಳೆಯುತ್ತದೆ. ಮಲೆನಾಡು ಕರಾವಳಿಗಳ ಸಾಲುಧೂಪದ ಮರ, ಕಾಡಿನ ಕರಿಧೂಪ, ಹಾಲ್ಮಡ್ಡಿ. ಈ ಕೊನೆಯದು ಮೈಸೂರು ಊದಿನಕಡ್ಡಿಯ ಹಳೆಯ ಕುಶಲತೆಯ ಒಂದು ಗುಟ್ಟು. ಮೆತ್ತಗಿನ, ಹಾಲಿನಂಥ ಆ ರಾಳ ಹಿಟ್ಟನ್ನು ಹಿಡಿದು ವಾಸನೆಯನ್ನೂ ಕಟ್ಟಿಡುತ್ತಿತ್ತು. ಈಗಿನ ಅಗ್ಗದ ಕಡ್ಡಿಯಲ್ಲಿ ಅದನ್ನು ಹುಡುಕುವುದು ವ್ಯರ್ಥ. ಇದ್ದಿಲ ಪುಡಿ, ಮರದ ಹೊಟ್ಟು, ಜಿಗಟು ಪುಡಿ ಕಲಸಿ ಕಡ್ಡಿ ಹೊಸೆದು, ಒಣಗಿಸಿ, ಕಾರ್ಖಾನೆಯ ಸೆಂಟಿನಲ್ಲಿ ಅದ್ದಿ ತೆಗೆಯುವುದು ಈಗಿನ ದಾರಿ. ಕಂಪ್ಯೂಟರ್ ಸಾಂಬ್ರಾಣಿ ಎಂಬ ಚಿತ್ರವಿಚಿತ್ರ ಹೆಸರಿನಲ್ಲಿ ಬರುವ ಗೋಪುರ, ಬಟ್ಟಲುಗಳ ಕಥೆಯೂ ಹೆಚ್ಚುಕಡಿಮೆ ಇಷ್ಟೇ. ಬಟ್ಟಲಿನ ನಡುವೆ ಚಿಟಿಕೆ ಪುಡಿ ಇರುತ್ತದೆ, ಮಿಕ್ಕದ್ದೆಲ್ಲ ಇದ್ದಿಲು. ಸುಲಭ ಎಂಬುದನ್ನು ಬಿಟ್ಟರೆ ಅದರ ಪರವಾಗಿ ಹೇಳಲು ಹೆಚ್ಚೇನೂ ಇಲ್ಲ.

ಧೂಪವನ್ನು ಹೀಗೆ ಕಣ್ಣುಮುಚ್ಚಿ ಕೊಳ್ಳುವುದು ಈ ನಾಡಿನ ಹಳೆಯ ಚಾಳಿಯಂತೂ ಅಲ್ಲ. ಇದೇ ಸೀಮೆಯನ್ನು ಆಳಿದ ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ ಲೋಕೋಪಕಾರ, ಬೇಸಾಯ, ಅಡುಗೆ, ನೀರು ಹುಡುಕುವ ವಿದ್ಯೆಗಳ ಜೊತೆಗೆ ಸುಗಂಧ ಮಾಡುವ ಬಗೆಯನ್ನೂ ಹೇಳುತ್ತದೆ. ನೂರು ವರ್ಷದ ಮೇಲೆ ಅದೇ ಮನೆತನದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಧೂಪಭೋಗಕ್ಕೆಂದೇ ಒಂದು ಭಾಗವಿದೆ. ಪುಡಿ, ಉಂಡೆ, ಬತ್ತಿ ಎಂದು ವಿಂಗಡಿಸಿ, ಯಾವುದಕ್ಕೆ ಏನು ಹಾಕಬೇಕೆಂದು ಅರಸನೇ ಕೂತು ಹೇಳಿದ್ದಾನೆ. ಅದಕ್ಕೂ ಸಾವಿರ ವರ್ಷ ಹಿಂದೆ, ಕ್ರಿಸ್ತಶಕ ಒಂದನೆಯ ಶತಮಾನದ ನಡುಭಾಗದಲ್ಲಿ ಒಬ್ಬ ಗ್ರೀಕ್ ವರ್ತಕ ಬರೆದಿಟ್ಟ ಪೆರಿಪ್ಲಸ್ ಎಂಬ ಕಡಲಯಾನದ ಕೈಪಿಡಿಯಲ್ಲಿ ಅರಬರ ಕುಂದುರು ಸಿಂಧೂ ಬಾಯಿಯ ಬಂದರಿಗೆ ಬರುತ್ತಿದ್ದುದೂ, ಅಲ್ಲಿಂದ ನಮ್ಮ ಗುಗ್ಗುಳ ಹೊರಗೆ ಹೋಗುತ್ತಿದ್ದುದೂ ದಾಖಲಾಗಿದೆ. ಇನ್ನೊಬ್ಬರ ಮರದ ಹೊಗೆ ಎಲ್ಲರಿಗೂ ಹೆಚ್ಚು ಪವಿತ್ರವಾಗಿ ಕಂಡಿತೋ ಏನೋ!

ಇಷ್ಟು ದೂರದಿಂದ ಬಂದ ಚೂರನ್ನು ಮನೆಯಲ್ಲಿ ಸರಿಯಾಗಿ ಸುಡುವವರು ಕಡಿಮೆ. ನಿಗಿನಿಗಿ ಕೆಂಡದ ಮೇಲೆ ಒಂದು ಮುಷ್ಟಿ ಪುಡಿ ಸುರಿಯುವುದು ಸಾಮಾನ್ಯ ರೂಢಿ. ಒಂದೇ ಉಸಿರಿಗೆ ಮನೆ ತುಂಬ ಹೊಗೆ, ಕೆಮ್ಮು, ಆಮೇಲೆ ಸುಟ್ಟ ನಾತ. ಅಷ್ಟು ಬಿಸಿಗೆ ಪರಿಮಳದ ಎಣ್ಣೆ ಹಾರುವ ಮೊದಲೇ ಸೀದುಹೋಗುತ್ತದೆ. ಮಾಡಬೇಕಾದದ್ದು ಇಷ್ಟೇ: ಕೆಂಡದ ಕೆಂಪು ಇಳಿದು ಮೇಲೆ ಬೂದಿ ಕವಿಯುವ ತನಕ ತಾಳಬೇಕು. ಬೇಕಿದ್ದರೆ ಇನ್ನೊಂದಿಷ್ಟು ಬೂದಿ ಹರಡಿ, ಅದರ ಮೇಲೆ ತೊಗರಿ ಕಾಳಿನ ಗಾತ್ರದ ಎರಡು ಚೂರು ಇಡಬೇಕು. ರಾಳ ಕರಗಿ ಸಣ್ಣಗೆ ಗುಳ್ಳೆ ಬರುತ್ತ ತೆಳ್ಳನೆಯ ಹೊಗೆ ಬಿಡುತ್ತದೆ. ಅದೇ ಸರಿಯಾದ ಹದ. ಉರಿ ಹತ್ತಿದರೆ ಕೆಂಡ ಇನ್ನೂ ಬಿಸಿ ಇದೆ ಎಂದರ್ಥ. ಮಡ್ಡಿಧೂಪದಂಥ ಅಂಟು ಬೆರೆತದ್ದಾದರೆ ಪರಿಮಳ ಮುಗಿದ ಮೇಲೆ ಕರಿ ಗಸಿ ಉಳಿದು ಸೀಯತೊಡಗುತ್ತದೆ. ಆಗ ಇಕ್ಕಳದಿಂದ ತೆಗೆದು ಬಿಸಾಡಬೇಕು. ಹೊಗೆಯೇ ಬೇಡ, ವಾಸನೆ ಸಾಕು ಎನ್ನುವವರಿಗೆ ಸಣ್ಣ ಕರೆಂಟ್ ಧೂಪದಾನಿಗಳು ಬಂದಿವೆ. ಹಣತೆಯ ಉರಿಯ ಮೇಲೆ ಹಿತ್ತಾಳೆ ತಟ್ಟೆ ಎತ್ತರದಲ್ಲಿಟ್ಟು ಅದರಲ್ಲಿ ಚೂರು ಹಾಕಿದರೂ ನಡೆಯುತ್ತದೆ.

ಕೆಂಡ ಯಾವುದೆಂಬುದೂ ಮುಖ್ಯ. ತೆಂಗಿನ ಚಿಪ್ಪಿನ ಇದ್ದಿಲು ಚೊಕ್ಕ, ತನ್ನದೇ ವಾಸನೆ ಇಲ್ಲ. ಕುಳ್ಳಿನ ಕೆಂಡಕ್ಕೆ ತನ್ನದೇ ಹೊಗೆ ಜಾಸ್ತಿ. ಕಡ್ಡಿ ಗೀರಿದ ಕೂಡಲೇ ಕಿಡಿ ಹಾರಿಸಿ ಹೊತ್ತಿಕೊಳ್ಳುವ ಬಿಲ್ಲೆ ಇದ್ದಿಲಿನಲ್ಲಿ ಪೆಟ್ಲುಪ್ಪು ಸೇರಿಸಿರುತ್ತಾರೆ; ಅದರ ಮೊದಲ ಹೊಗೆ ಹೊರಗೆ ಹೋದ ಮೇಲೆಯೇ ಒಳಗೆ ತರುವುದು ಒಳ್ಳೆಯದು.

ಕಲಬೆರಕೆಯನ್ನು ಮೂಗು ಹಿಡಿಯುತ್ತದೆ. ಲೋಬಾನಕ್ಕೆ ಅಗ್ಗದ ಪೈನ್ ರಾಳ ಬೆರೆಸಿದ್ದರೆ ಹೊಗೆ ಕಪ್ಪಗೆ ಮಸಿಯಾಗಿ ಏಳುತ್ತದೆ, ಟರ್ಪೆಂಟೈನ್ ವಾಸನೆ ಬರುತ್ತದೆ. ಒಳ್ಳೆಯ ಲೋಬಾನದ ಹೊಗೆ ಬಿಳಿ. ಒಂದು ಚೂರನ್ನು ಬೆರಳಲ್ಲಿ ತಿಕ್ಕಿ ಮೂಸಿದಾಗಲೇ ಸಿಹಿ ವಾಸನೆ ಬರಬೇಕು. ಬಣ್ಣ ಹಾಕಿದ ಸಾಂಬ್ರಾಣಿ, ಗುಲಾಬಿ ಮಲ್ಲಿಗೆ ವಾಸನೆಯ ಸಾಂಬ್ರಾಣಿ ಎಂದರೆ ಮೇಲೆ ಸೆಂಟು ಚಿಮುಕಿಸಿದ್ದೆಂದೇ ತಿಳಿಯಬೇಕು; ಯಾವ ಮರವೂ ಮಲ್ಲಿಗೆ ವಾಸನೆಯ ರಾಳ ಸುರಿಸುವುದಿಲ್ಲ. ಇನ್ನೊಂದು ಮಾತು ಈ ಸೀಮೆಯವರಿಗೇ ಬೇಕಾದ್ದು. ಇಲ್ಲಿಯ ಏಪ್ರಿಲ್ ಮೇ ಬಿಸಿಲಿಗೆ ಡಬ್ಬಿಯೊಳಗಿನ ರಾಳವೆಲ್ಲ ಬೆಸೆದು ಒಂದೇ ಗಟ್ಟಿಯಾಗುತ್ತದೆ. ಸ್ಟೀಲ್ ಡಬ್ಬಿಯಲ್ಲಿ ನೆರಳಿಗೆ ಇಡಬೇಕು. ಗುಗ್ಗುಳದಂಥ ಜಿಗುಟನ್ನು ಕುಟ್ಟುವ ಮುನ್ನ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟರೆ ಸಲೀಸಾಗಿ ಒಡೆಯುತ್ತದೆ.

ಇನ್ನು ಹೊಗೆ ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ. ಒಳ್ಳೆಯದೆನ್ನುವವರು ಎರಡು ಸಂಶೋಧನೆಗಳನ್ನು ಮುಂದಿಡುತ್ತಾರೆ. 2007ರಲ್ಲಿ ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ ಮುಚ್ಚಿದ ಕೋಣೆಯೊಳಗೆ ಒಂದು ಗಂಟೆ ಹೊಗೆ ಹಾಕಿದಾಗ ಗಾಳಿಯಲ್ಲಿದ್ದ ಬ್ಯಾಕ್ಟೀರಿಯಾ ಶೇ. 94ರಷ್ಟು ಇಳಿಯಿತು. ನಿಜ. ಆದರೆ ಅವರು ಸುಟ್ಟದ್ದು ಮಾವಿನ ಕಟ್ಟಿಗೆ ಮತ್ತು ಹವನ ಸಾಮಗ್ರಿ, ಬರೀ ಸಾಂಬ್ರಾಣಿಯಲ್ಲ. ಬ್ಯಾಕ್ಟೀರಿಯಾ ಸಾಯುವಷ್ಟು ಹೊಗೆಯಲ್ಲಿ ಮನುಷ್ಯನ ಪುಪ್ಪುಸ ಹೇಗಿರುತ್ತದೆ ಎಂದು ಆ ಪ್ರಯೋಗ ಕೇಳಲೂ ಇಲ್ಲ. 2008ರ ಇನ್ನೊಂದು ಅಧ್ಯಯನ ಬೋಸ್ವೆಲಿಯಾ ರಾಳದ ಒಂದು ಅಂಶ ಇಲಿಗಳ ಮಿದುಳಿನ ಮೇಲೆ ಕೆಲಸ ಮಾಡಿ ಅಂಜಿಕೆ ತಗ್ಗಿಸಿತೆಂದು ತೋರಿಸಿತು. ಅವುಗಳಿಗೆ ಕೊಟ್ಟದ್ದು ಶುದ್ಧೀಕರಿಸಿದ ರಾಸಾಯನಿಕ, ಧೂಪದ ಹೊಗೆಯಲ್ಲ.

ಗುಗ್ಗುಳದ ಕಥೆ ಇನ್ನೂ ಸ್ವಾರಸ್ಯದ್ದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಜಿ. ವಿ. ಸತ್ಯವತಿ ಅವರ ಪ್ರಬಂಧ ಗುಗ್ಗುಳ ಕೊಲೆಸ್ಟರಾಲ್ ಇಳಿಸುತ್ತದೆಂದು ಹೇಳಿತು. ಅದರಿಂದ ಔಷಧಿಯೂ ಬಂತು. 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಮಾತ್ರ ಕೆಟ್ಟ ಕೊಲೆಸ್ಟರಾಲ್ ಇಳಿಯುವುದಿರಲಿ, ಕೊಂಚ ಏರಿತು. ಗುಳಿಗೆ ಮಾಡಿ ನುಂಗಿದ ರಾಳದ ಬಗ್ಗೆಯೇ ತೀರ್ಮಾನ ಹೀಗಿರುವಾಗ, ಹೊಗೆ ಕುಡಿದು ರೋಗ ಕಳೆಯುತ್ತೇವೆಂಬ ಮಾತಿಗೆ ಬೆಲೆ ಕೊಡಬೇಕಿಲ್ಲ.

ಯಾವ ಮರದ್ದಾದರೂ ಹೊಗೆ ಹೊಗೆಯೇ. ಅದರಲ್ಲಿ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಕಣಗಳಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಿತಿಯಂತೆ ಒಂದು ಘನ ಮೀಟರ್ ಗಾಳಿಯಲ್ಲಿ ಅಂಥ ಸೂಕ್ಷ್ಮ ಕಣಗಳ ದಿನದ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದು. ನಮ್ಮ ದೇಶದ ಮಾನದಂಡ 60ರ ತನಕ ಬಿಡುತ್ತದೆ. ಬಾಗಿಲು ಹಾಕಿಕೊಂಡು ಧೂಪ ಹಾಕಿದ ಕೋಣೆ ಆ ಹೊತ್ತಿಗೆ ಈ ಮಟ್ಟವನ್ನೆಲ್ಲ ಸುಲಭವಾಗಿ ದಾಟುತ್ತದೆ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಗ್ಗಿಷ್ಟಿಗೆ ಕೋಣೆಯೊಳಗಿಟ್ಟು ಬಾಗಿಲು ಕಿಟಕಿ ಮುಚ್ಚಿ ಮಲಗುವುದು ಜೀವಕ್ಕೇ ಅಪಾಯ.

ಬಾಣಂತಿ ಕೋಣೆಯ ಹೊಗೆಯನ್ನು ಇಲ್ಲಿ ನೇರವಾಗಿ ಹೇಳಲೇಬೇಕು. ಹಿಂದೆ ಅಂಗಳ, ಹಂಚಿನ ಸಂದು, ಗವಾಕ್ಷಿ ಇದ್ದ ಮನೆಯಲ್ಲಿ ಹೊಗೆಗೆ ಹೊರಹೋಗಲು ಹತ್ತು ದಾರಿ ಇತ್ತು. ಈಗಿನ ಆರ್‌ಸಿಸಿ ಕೋಣೆಗೆ ಒಂದೇ ಕಿಟಕಿ, ಅದೂ ಸೊಳ್ಳೆ ಜಾಲರಿಯದ್ದು, ಕೂಸಿಗೆ ಗಾಳಿ ತಾಗುತ್ತದೆಂದು ಮುಚ್ಚಿದ್ದು. ಹುಟ್ಟಿದ ಕೂಸಿನ ಉಸಿರುನಾಳ ಬಲು ಸೂಕ್ಷ್ಮ. ಹೊಗೆ ಬೇಡವೆಂದೇ ಮಕ್ಕಳ ವೈದ್ಯರು ಹೇಳುವುದು. ಅಜ್ಜಿಯ ಮಾತನ್ನೂ ಮೀರಬಾರದು, ವೈದ್ಯರ ಮಾತನ್ನೂ ಬಿಡಬಾರದು ಎಂದರೆ ತಾಯಿಯ ಕೂದಲಿಗೆ ಅಂಗಳದಲ್ಲಿ, ವರಾಂಡದಲ್ಲಿ ಹೊಗೆ ಹಿಡಿಸಿ ಕೂಸನ್ನು ಒಳಗೇ ಮಲಗಿಸುವುದು ನಡುದಾರಿ. ದಮ್ಮು ಇದ್ದವರ ಮನೆಯಲ್ಲಿ ಅದೂ ಬೇಡ.

ಕೊನೆಗೆ ಮರದ ಮಾತು. ಜಗತ್ತಿನ ಕುಂದುರಿನ ಬಹುಭಾಗ ಕೊಡುವ ಇಥಿಯೋಪಿಯಾ ಮೊದಲಾದ ದೇಶಗಳ ಬೋಸ್ವೆಲಿಯಾ ಮರಗಳ ಬಗ್ಗೆ 2019ರಲ್ಲಿ ಬಂದ ಅಧ್ಯಯನವೊಂದು ಕಾಡುಗಳಲ್ಲಿ ಮುದಿ ಮರಗಳಷ್ಟೇ ಉಳಿದಿವೆ, ಹೊಸ ಸಸಿ ಬರುತ್ತಲೇ ಇಲ್ಲ, 20 ವರ್ಷದಲ್ಲಿ ಉತ್ಪಾದನೆ ಅರ್ಧಕ್ಕೆ ಇಳಿಯಬಹುದು ಎಂದಿತು. ದನಗಳ ಮೇವು, ಕಾಡಿನ ಬೆಂಕಿ, ಮಿತಿಮೀರಿದ ಕಚ್ಚು ಇವೇ ಕಾರಣಗಳು. ನಮ್ಮ ಗುಗ್ಗುಳದ ಪಾಡು ಇನ್ನೂ ಕೆಟ್ಟದ್ದು. ಹೆಚ್ಚು ರಾಳ ಬೇಗ ಇಳಿಯಲೆಂದು ಕಚ್ಚಿಗೆ ಎಥೆಫಾನ್ ಎಂಬ ರಾಸಾಯನಿಕ ಹಾಕುವುದರಿಂದ ರಾಳವೇನೋ ಸುರಿಯುತ್ತದೆ, ಗಿಡ ಸತ್ತುಹೋಗುತ್ತದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಅದನ್ನು ಅಳಿವಿನ ಅಂಚಿನ ಕೊನೆಯ ಮೆಟ್ಟಿಲಲ್ಲಿರುವ ಗಿಡಗಳ ಸಾಲಿಗೆ ಸೇರಿಸಿದೆ. ಸುಮಾತ್ರಾದ ಲೋಬಾನವಾದರೋ ರೈತರ ತೋಟದ ಬೆಳೆ.

ಆದ್ದರಿಂದ ಮನೆಯ ಧೂಪಕ್ಕೆ ಗುಗ್ಗುಳ ಬೇಡ. ವೀರಭದ್ರನ ಸೇವೆಗೆ ಹಿರಿಯರ ಕಟ್ಟಳೆಯಂತೆ ಚಿಟಿಕೆ ಬಳಸಿದರೆ ಯಾರೂ ಆಕ್ಷೇಪಿಸುವುದಿಲ್ಲ; ದಿನಬಳಕೆಗೆ ಲೋಬಾನ, ಅಂದುಗದ ರಾಳ ಸಾಕು. ಮುಂದಿನ ಸಲ ಪೇಟೆಗೆ ಹೋದಾಗ ಬರೀ ಸಾಂಬ್ರಾಣಿ ಕೊಡಿ ಎನ್ನದೆ ಯಾವ ಮರದ್ದು ಎಂದು ಕೇಳಿ, ಪುಡಿ ಬಿಟ್ಟು ಗಟ್ಟಿಯನ್ನೇ ತನ್ನಿ, ಮನೆಯಲ್ಲಿ ಒಂದು ಚೂರು ನೀರಿಗೆ ಹಾಕಿ ನೋಡಿ. ಕಾಲು ಕಿಲೋ ತಂದರೆ, ತೊಗರಿ ಕಾಳಿನ ಲೆಕ್ಕದಲ್ಲಿ, ಕಿಟಕಿ ತೆರೆದಿಟ್ಟು ವಾರಕ್ಕೊಮ್ಮೆ ಹಾಕುವ ಮನೆಗೆ ವರ್ಷ ಕಳೆದರೂ ಮುಗಿಯುವುದಿಲ್ಲ.